ಅಣ್ಣನ ಹನ್ನೊಂದು ಕಲ್ಲುಗಳು

ನಮ್ಮಣ್ಣನಿಗೆ ಹಿಮಾಲಯದ ಹಿಮ ನಡೆಯುವುದು ಕಾಣಿಸುತ್ತಿತ್ತು. ಎದುರಿಗೆ ಬರುವ ಹೊಳಲ್ಕೆರೆ ಬಸ್ಸು ಮಾತ್ರ ಕಾಣಿಸುತ್ತಿರಲಿಲ್ಲ! ಎರಡು ಸಲ ಅವನ ರಟ್ಟೆ ಹಿಡಿದು ರಸ್ತೆಯಿಂದ ಈಚೆಗೆ ಎಳೆದವನು ನಾನೇ. ಎರಡನೇ ಸಲ ಅವನು ಬಸ್ಸಿನ ಕಡೆ ತಿರುಗಿಯೂ ನೋಡದೆ, "ಲೇ ತಮ್ಮ, ಈಗ ನಾನು ಎಷ್ಟಡಿ ಸರಿದೆ?" ಎಂದು ಕೇಳಿದ. ಇಂಥವನನ್ನು ಏನು ಮಾಡುತ್ತೀರಿ?

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ನಮ್ಮೂರು ತಾಳ್ಯದ ಸುತ್ತಮುತ್ತ ಕುರಿ ಕಾಯ್ದುಕೊಂಡು ಉಳಿದೆ. ಅಣ್ಣ ದುರ್ಗದಲ್ಲಿ ಕಾಲೇಜು ಮುಗಿಸಿ, ಉತ್ತರದ ಕಡೆ ನಕ್ಷೆ ಮಾಡುವ ಕಚೇರಿಯೊಂದಕ್ಕೆ ಸೇರಿದ. ಎಪ್ಪತ್ತರ ದಶಕದ ನಡುವಿನ ಮಾತಿದು. ಅಮೆರಿಕದವರು ಆಕಾಶಕ್ಕೆ ಬಿಟ್ಟ ಉಪಗ್ರಹ ಅಲ್ಲಿಂದಲೇ ಹಿಮಾಲಯದ ಚಿತ್ರ ತೆಗೆದು ಕಳಿಸುತ್ತಿತ್ತಂತೆ. ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು, ಕೆಳಗೆ ದೀಪ ಹೊತ್ತಿಸಿ, ಹಿಮದ ಮೇಲಿನ ಕಲ್ಲುಮಣ್ಣಿನ ಕರಿ ಗೆರೆಗಳು ಎಷ್ಟು ಇಳಿದಿವೆ ಎಂದು ಅಳೆಯುವುದು ಅವನ ಕೆಲಸ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದೆ ಎಂದರೆ ಊರಲ್ಲಿ ಒಬ್ಬರೂ ನಂಬಲಿಲ್ಲ.

ರಜೆಗೆ ಬಂದಾಗ ಅಂಥದೊಂದು ಚಿತ್ರದ ನಕಲು ತಂದು ಹೋಟೆಲಿನ ಬೆಂಚಿನ ಮೇಲೆ ಹರಡಿದ.

"ಮಂಜುಗಡ್ಡೆ ನಡೀತೈತೆ ಅಂತೀಯಲ್ಲ, ಕಾಲು ಎಲ್ಲೈತಪ್ಪ ಅದಕ್ಕೆ?" ಎಂದ ಹೋಟೆಲಿನವ.

"ಕಾಲಿಲ್ಲ. ತನ್ನ ಭಾರಕ್ಕೆ ತಾನೇ ಜಾರ್ತೈತೆ."

"ನಮ್ಮ ಮಾವನ ಹಂಗೆ ಅನ್ನು!"

ನಾನು ಚಿತ್ರದ ಒಂದು ಚುಕ್ಕೆ ತೋರಿಸಿ ಇದೆಷ್ಟು ದೊಡ್ಡದು ಎಂದೆ. ನಮ್ಮ ಒಂದೂವರೆ ಎಕರೆ ಹೊಲ ಇಡೀ ಅದರೊಳಗೆ ಹಿಡಿಯುತ್ತದೆ ಎಂದ ಅಣ್ಣ. ನನಗೆ ಸಿಟ್ಟು ಬಂತು. ನಮ್ಮಪ್ಪನ ಹೊಲ ಒಂದು ಚುಕ್ಕೆಯೇ?

"ಬೇಜಾರು ಮಾಡ್ಕಬ್ಯಾಡ ತಮ್ಮ. ಪಕ್ಕದ ಹೊಲದೋನ ಜತೆ ಬದುವಿಗೆ ಜಗಳ ಆಡ್ತೀಯಲ್ಲ, ಆ ಬದು ಇದ್ರಾಗೆ ಕಾಣೋದೇ ಇಲ್ಲ."

ಪಕ್ಕದ ಹೊಲದವನು ಅಲ್ಲೇ ಕುಳಿತಿದ್ದ. ಅವನೂ ನಾನೂ ಜೀವಮಾನದಲ್ಲಿ ಮೊದಲ ಸಲ ಒಟ್ಟಾಗಿ ಅಣ್ಣನ ಮೇಲೆ ಸಿಟ್ಟಾದೆವು!

ಆದರೂ ಕುತೂಹಲ ಬಿಡಲಿಲ್ಲ. ಮಾರನೇ ದಿನ ಅಣ್ಣನ ಜತೆ ಕುರಿಗಳ ಹಿಂದೆ ಗುಡ್ಡ ಹತ್ತಿದಾಗ ನನಗೆ ಥಟ್ಟನೆ ಹೊಳೆಯಿತು. ದೂರದಿಂದ ನೋಡಿದರೆ ಮಂದೆ ನಿಂತ ಹಾಗೇ ಕಾಣುತ್ತದೆ. ಒಂದು ಬೀಡಿ ಸೇದಿ ಮತ್ತೆ ನೋಡಿ, ಆಚೆ ಬೇಲಿಯ ಹತ್ತಿರ ಇರುತ್ತದೆ! "ಅಣ್ಣ, ನಿನ್ನ ಹಿಮಾನೂ ಹಿಂಗೇ ಏನು? ಓಣಿಯಾಗೆ ಹೋಗುವಾಗ ಅಂಚಿನ ಕುರಿ ಬೇಲಿ ಉಜ್ಕೊಂಡು ನಿಧಾನ ಆಗ್ತವೆ, ನಡುವಿನವು ಮುಂದೆ ಹೋಗ್ತವೆ. ಅಲ್ಲೂ ಹಂಗೈತಾ?"

ಅಣ್ಣ ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೇ ನೋಡಿದ. "ಹಂಗೇ ಐತೆ ಕಣೋ! ನಡುವೆ ಜೋರು, ಅಂಚಿಗೆ ನಿಧಾನ. ನನಗೆ ಇದು ತಲೆಗೆ ಹೋಗೋಕೆ ಎರಡು ವರ್ಷ ಬೇಕಾಯ್ತು." ಆ ದಿನ ನಾನು ಗುಡ್ಡದಿಂದ ಇಳಿದದ್ದು ಎಂಎ ಪಾಸಾದವನ ಹಾಗೆ.

ಅವನ ನಿಜವಾದ ಹುಚ್ಚು ಶುರುವಾದದ್ದು ಆಮೇಲೆ. ನಮ್ಮ ರೊಪ್ಪದ, ಅಂದರೆ ಕುರಿ ಕೂಡುವ ಕಲ್ಲು ಗೋಡೆಯ ಆವರಣದ, ಹಿಂದಿನ ಇಳಿಜಾರಿನಲ್ಲಿ ಕುಂಬಳಕಾಯಿ ಗಾತ್ರದ ಹನ್ನೊಂದು ಕಲ್ಲು ಆರಿಸಿ ಸುಣ್ಣ ಬಳಿದ. ಎದುರಿನ ಬಂಡೆ ಹತ್ತಿ, ಗೆಳೆಯನಿಂದ ತಂದ ಕ್ಯಾಮೆರಾದಲ್ಲಿ ಫೋಟೋ ತೆಗೆದ. ಪ್ರತಿ ದೀಪಾವಳಿಗೂ ಅದೇ ಬಂಡೆ, ಅದೇ ಬಿರುಕಿನಲ್ಲಿ ಕಾಲು, ಅದೇ ಫೋಟೋ. ತೊಳೆಸಲು ದುರ್ಗಕ್ಕೆ ಹೋದಾಗ ಸ್ಟುಡಿಯೋದವರು ಕೇಳಿದರು:

"ಏನ್ರೀ, ಬರೀ ಕಲ್ಲೇ ಅವೆ?"

"ನಮ್ಮೂರಿನವೇರಿ."

"ಮುಂದಿನ ಸಲ ಒಸಿ ನಗೋಕೆ ಹೇಳ್ರಿ!"

ನಡೆಯದ ಕಲ್ಲನ್ನು ಅಳೆಯುವುದು ಯಾಕೆ? ನಾನೂ ಕೇಳಿದೆ. "ನಡೀದೇ ಇರೋದನ್ನ ಅಳೆದ್ರೆ ಸೊನ್ನೆ ಬರಬೇಕು. ನನ್ನ ಕೈಗೆ ಸೊನ್ನೆ ಬರಲಿಲ್ಲ ಅಂದ್ರೆ, ಹಿಮದ ಬಗ್ಗೆ ನಾನು ಹೇಳೋದೆಲ್ಲ ಸುಳ್ಳು" ಎಂದ. ಬಸ್ಸು ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಕುರಿ ಜತೆ ಇವನ್ನೂ ಕಾಯಿ ತಮ್ಮ" ಎಂದ. ನಾನು ದಿನಾ ಸಂಜೆ ಕುರಿ ಎಣಿಸಿದ ಮೇಲೆ ಹನ್ನೊಂದು ಕಲ್ಲನ್ನೂ ಎಣಿಸುತ್ತಿದ್ದೆ. ನಗಬೇಡಿ. ಮೇವು ಕೇಳದ, ಕಳ್ಳದಾರಿ ಹಿಡಿಯದ ಅಂಥ ಮಂದೆ ಇನ್ನೊಂದಿಲ್ಲ!

ಎರಡು ವರ್ಷ ಸೊನ್ನೆ ಬಂತು. ಮೂರನೇ ವರ್ಷದ ಮಳೆಗಾಲದಲ್ಲಿ ರೊಪ್ಪದ ಗೋಡೆ ಒಂದು ಕಡೆ ಕುಸಿಯಿತು. ಮರಿ ಹಾಕುವ ಕಾಲ. ಹೊತ್ತು ಮುಳುಗುವಾಗ ತೋಳ ಅದರಾಚೆ ಸುಳಿದಾಡಿದ್ದನ್ನು ಕಣ್ಣಾರೆ ಕಂಡೆ. ಕತ್ತಲಲ್ಲಿ ಕೈಗೆ ಸಿಕ್ಕ ಕಲ್ಲು ತಂದು ಸಂದಿಗೆ ತುರುಕಿದೆ. ಬೆಳಗ್ಗೆ ನೋಡಿದರೆ ಅದರಲ್ಲಿ ಮೂರಕ್ಕೆ ಸುಣ್ಣವಿದೆ!

ಆಮೇಲೆ ಇಡೋಣ ಎಂದುಕೊಂಡೆ. ದೀಪಾವಳಿಗೆ ಬರುತ್ತೇನೆಂದು ಅಣ್ಣನ ಕಾಗದ ಬಂದಾಗ ಓಡಿಹೋಗಿ ಗೋಡೆಯಿಂದ ಬಿಡಿಸಿದೆ. ಅಷ್ಟರಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದು ಜಾಗ ಗೊತ್ತಾಗಲಿಲ್ಲ. ಅಂದಾಜಿನಲ್ಲಿ, ಸುಣ್ಣದ ಮುಖ ಮೇಲೆ ಮಾಡಿ ಇಟ್ಟುಬಿಟ್ಟೆ.

ಅಣ್ಣ ಬಂದ, ಫೋಟೋ ತೆಗೆದ, ದುರ್ಗಕ್ಕೆ ಹೋಗಿ ತೊಳೆಸಿ ತಂದ. ಕಿಟಕಿ ಗಾಜಿಗೆ ಹೋದ ವರ್ಷದ್ದೂ ಈ ವರ್ಷದ್ದೂ ಎರಡೂ ಚಿತ್ರ ಒತ್ತಿ ಹಿಡಿದು ಅಳೆದ. ಮತ್ತೆ ಅಳೆದ. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

"ತಮ್ಮ, ಮೂರು ಕಲ್ಲು ಸರಿದಾವೆ. ಯಾರಾದ್ರೂ ಮುಟ್ಟಿದ್ರೇನೋ?"

ಹೇಳಬಹುದಿತ್ತು. ಒಂದು ಮಾತು ಸಾಕಿತ್ತು. ಆದರೆ ಕಾಲೇ ಇಲ್ಲದ ಮಂದೆಯನ್ನೂ ಕಾಯಲಾಗದ ಕುರುಬ ಅನ್ನಿಸಿಕೊಳ್ಳಲು ನಾಚಿಕೆಯಾಯಿತು. "ಕಲ್ಲನ್ನ ಯಾರು ಮುಟ್ತಾರಣ್ಣ?" ಎಂದು ನಕ್ಕೆ.

ಅವನು ನಗಲಿಲ್ಲ. "ನೀನು ಸುಳ್ಳು ಹೇಳೋನಲ್ಲ. ಹಂಗಾದ್ರೆ ನನ್ನ ಕಣ್ಣೇ ಕೆಟ್ಟೈತೆ" ಎಂದು ಅಳತೆ ಬರೆದ ಪುಸ್ತಕ ಮುಚ್ಚಿಟ್ಟ.

ಅಷ್ಟಕ್ಕೇ ಮುಗಿಯುತ್ತದೆ ಅಂದುಕೊಂಡಿದ್ದೆ. ಅವನು ವಾಪಸು ಹೋಗಿ, ತನ್ನ ಅಳತೆ ನಂಬಬೇಡಿ ಎಂದು ಸಾಹೇಬರಿಗೆ ತಾನೇ ಬರೆದುಕೊಟ್ಟನಂತೆ. ಆ ವರ್ಷ ಅಳೆದಿದ್ದ ಹಿಮದ ಲೆಕ್ಕವನ್ನೆಲ್ಲ ತೆಗೆದುಹಾಕಿದರು. ಅವನನ್ನು ನಕ್ಷೆಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಚಿತ್ರಗಳನ್ನು ಸುತ್ತಿ ಸುತ್ತಿ ಕೊಳವೆಗೆ ತುಂಬುವುದೇ ಕೆಲಸ. ಮುಂದಿನ ದೀಪಾವಳಿಗೆ ಬಂದಾಗ ಕ್ಯಾಮೆರಾ ಇರಲಿಲ್ಲ. ರಸ್ತೆ ದಾಟುವಾಗ ಎರಡೂ ಕಡೆ ನೋಡಿ ದಾಟಿದ. ಅದನ್ನು ನೋಡಿ ನನಗೆ ಅಳು ಬಂತು.

ಪ್ರತಿ ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ, ಕಲ್ಲು ಕೂತಿದ್ದ ಮೂರು ಗುಳಿಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು. ಎರಡು ಬೇಸಿಗೆ ಮುಖ ತಿರುಗಿಸಿಕೊಂಡು ಓಡಾಡಿದೆ. ಮೂರನೇ ಬೇಸಿಗೆ, ನೆಂಟರ ಮದುವೆಗೆ ಅಣ್ಣ ಬಂದಾಗ, ಕೈ ಹಿಡಿದು ಇಳಿಜಾರಿಗೆ ಕರೆದೊಯ್ದೆ.

"ಅಣ್ಣ, ಆ ಮೂರೂ ನಾನೇ ಎತ್ತಿದ್ದು. ತೋಳ ಬಂದಿತ್ತು. ಗೋಡೆ ಸಂದಿಗೆ ಇಟ್ಟಿದ್ದೆ. ಆಮೇಲೆ ಜಾಗ ತಪ್ಪಿ ಇಟ್ಟೆ."

ಅವನು ಗುಳಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ. ಜೇಬಿನಿಂದ ಟೇಪು ತೆಗೆದು, ಗುಳಿಯಿಂದ ಕಲ್ಲಿಗೆ ಹಿಡಿದ. ಎರಡಡಿ. ಇನ್ನೊಂದು ಒಂದೂವರೆ. ಮತ್ತೊಂದು ಮೂರು. ಆಮೇಲೆ ಒಳಜೇಬಿನಿಂದ ಮಾಸಿದ ಪುಸ್ತಕ ತೆಗೆದು ಪುಟ ತಿರುಗಿಸಿದ. ಆ ದೀಪಾವಳಿಗೆ ಕಿಟಕಿಯಲ್ಲಿ ಅಳೆದು ಬರೆದದ್ದು ಹಾಗೇ ಇತ್ತು: ಎರಡು, ಒಂದೂವರೆ, ಮೂರು.

"ನನ್ನ ಕಣ್ಣು ಸರಿಯಾಗೇ ಇತ್ತು ಕಣೋ" ಎಂದ.

ಅವನ ಗಾಜಿನ ಮೇಜಿಗೆ ಆಗಲೇ ಬೇರೆ ಯಾರೋ ಬಂದಿದ್ದರು. ಅದು ಅವನಿಗೂ ಗೊತ್ತು, ನನಗೂ ಗೊತ್ತು. ಕೆನ್ನೆಗೆ ಒಂದು ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ. ಅಣ್ಣ ರೊಪ್ಪದ ಕಡೆ ನೋಡುತ್ತಿದ್ದ.

"ಆ ವರ್ಷ ಮರಿ ಉಳಿದ್ವೇನೋ?"

"ಎಲ್ಲಾ ಉಳಿದ್ವಣ್ಣ."

"ಹಂಗಾದ್ರೆ ಕಲ್ಲು ಸರಿಯಾದ ಜಾಗಕ್ಕೇ ಹೋಗಿದ್ವು ಬಿಡು" ಎಂದು ನನ್ನ ತಲೆ ಸವರಿದ.