ಒಂದು ಒಳ್ಳೆಯ ಕಿರುಚಾಟ ಬೇಕಾಗಿದೆ

ಡಬ್ಬಿಂಗ್ ಸ್ಟುಡಿಯೋದಲ್ಲಿ ಕಿರುಚುವುದಕ್ಕೆಂದೇ ಇದ್ದ ಕಲಾವಿದೆಯ ಗಂಟಲು ಅಂದು ಬೆಳಿಗ್ಗೆ ಕಟ್ಟಿಹೋಯಿತು. ಎಷ್ಟೋ ದೆವ್ವಗಳಿಗೆ ಜಗ್ಗದವಳು ಜುಜುಬಿ ನೆಗಡಿಗೆ ಸೋತಿದ್ದಳು. ಪೇಚಿಗೆ ಸಿಕ್ಕವನು ರೆಕಾರ್ಡಿಸ್ಟ್.

"ಸಂಜೆಯೊಳಗೆ ನಂಗೊಂದು ಕಿರುಚಾಟ ಬೇಕು," ಎಂದಳು ನಿರ್ದೇಶಕಿ. "ನಮ್ಮದು ಹೆಣ್ಣಿನ ಪರ ಇರೋ ದೆವ್ವದ ಸಿನಿಮಾ. ಬರೀ ಹೆದರಿಕೆ ಸಾಲದು. ತಲೆತಲಾಂತರದ ಹೆಣ್ಣಿನ ನೋವು ಕೇಳಿಸ್ಬೇಕು. ತಂದುಕೊಡಿ, ತೆರೆ ಮೇಲೆ ನಿಮ್ಮ ಹೆಸರು ಹಾಕ್ತೀನಿ."

ಇಷ್ಟು ವರ್ಷ ಊರಿನವರ ದನಿಯನ್ನೆಲ್ಲ ಹಿಡಿದವನ ಹೆಸರು ಒಮ್ಮೆಯೂ ತೆರೆಯ ಮೇಲೆ ಬಂದಿರಲಿಲ್ಲ. ಮೈಕು ಬಗಲಲ್ಲಿಟ್ಟುಕೊಂಡು ಮನೆಗೆ ಓಡಿದ.

ಬಾಗಿಲಲ್ಲೇ ಮನೆ ಓನರ್ ತಡೆದರು. "ನಲ್ಲಿ ಏನ್ ರಿಪೇರಿ ಮಾಡಿದೀರಿ ಸಾರ್! ಪ್ಲಂಬರ್ರೇ ತಲೆ ಕೆರ್ಕೊಂಡು ಹೋಗಿದ್ದ."

"ಏನೋ, ಅಲ್ಪಸ್ವಲ್ಪ ಗೊತ್ತು," ಎಂದು ಹಲ್ಲುಕಿರಿದ.

ಒಳಗೆ ಹೆಂಡತಿ ಸ್ಪ್ಯಾನರ್ ಒರೆಸುತ್ತಿದ್ದಳು. "ರಿಪೇರಿ ಮಾಡಿದ್ದು ನಾನಲ್ವಾ?"

"ಯಾರ ಹೆಸರಾದ್ರೇನೇ, ಮನೆಗೇ ಬಂತಲ್ಲ."

ಈ ದೆವ್ವ ಕಂಡು ಕಿರುಚಬೇಕೆಂದು ಅವನು ಅವಳಿಗೆ ಫೋನಿನಲ್ಲಿ ದೃಶ್ಯ ತೋರಿಸಿದ. ಮಹಡಿಯ ಮೇಲಿನ ನಿವೃತ್ತ ಟೀಚರ್ ಕರೆಯದೆಯೇ ಇಳಿದು ಬಂದು ಕನ್ನಡಕ ಏರಿಸಿದರು.

"ಯಾರಪ್ಪಾ ಈ ದೆವ್ವ?"

"ಆ ಮನೆಯ ಮೊದಲ ಸೊಸೆ, ಟೀಚರ್. ಸತ್ತ ಮೇಲೆ ವಾಪಸ್ ಅದೇ ಅಡುಗೆಮನೆಗೆ ಬಂದಿದಾಳೆ."

"ಸತ್ರೂ ಅಡುಗೆಮನೆ ತಪ್ಪಲಿಲ್ವೇ? ಗಂಡಸರು ಯಾಕೋ ದೆವ್ವ ಆಗಲ್ಲ?"

"ರಾತ್ರಿಯೆಲ್ಲ ಎದ್ದು ಓಡಾಡ್ಬೇಕಲ್ಲ ಟೀಚರ್," ಎಂದಳು ಹೆಂಡತಿ. "ಅವರ ಕೈಲಾಗುತ್ತಾ?"

ಮೈಕು ಆನ್ ಆಯಿತು. ಹೆಂಡತಿಯ ಕಿರುಚಾಟ, ಒಲೆಯ ಮೇಲಿನ ಹಾಲು ನೋಡಿಕೊಳ್ಳಿ ಎಂದು ಕೂಗಿದಂತಿತ್ತು. ಟೀಚರ್ ಕಿರುಚಿದಾಗ ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಸಾಲಾಗಿ ನಿಂತುಬಿಟ್ಟರು.

"ಸ್ವಲ್ಪ ಹೆದರ್ಕೊಳ್ರೇ!" ಎಂದು ಅಂಗಲಾಚಿದ.

"ಯಾಕೆ ಹೆದರ್ಲಿ?" ಎಂದಳು ಹೆಂಡತಿ. "ಅವಳೂ ನನ್ನ ಹಾಗೇ ಒಂದು ಹೆಣ್ಣು. ಬಾಮ್ಮ ಅಂತ ಕೂರಿಸಿ ಕಷ್ಟಸುಖ ಕೇಳ್ತೀನಿ. ಈ ಮನೇಲಿ ಜಿರಳೆಗೂ ಹೆದರೋರು ನೀವೊಬ್ರೇ."

ಆದರೂ ಗಂಡನ ಮುಖ ನೋಡಲಾರದೆ, ಕಣ್ಣು ಮುಚ್ಚಿ ಮತ್ತೊಮ್ಮೆ ಕಿರುಚಿದಳು. ಅಷ್ಟಕ್ಕೇ ಬಾಗಿಲು ದಡಾರನೆ ತೆರೆಯಿತು. ಪೊರಕೆ ಎತ್ತಿಕೊಂಡ ಓನರ್!

"ಹೆಂಡ್ತಿ ಮೇಲೆ ಕೈ ಮಾಡ್ತೀಯೇನೋ?" ಆಗಿನ 'ಸಾರ್' ಎತ್ತಲೋ ಹಾರಿಹೋಗಿತ್ತು.

"ಅಯ್ಯೋ, ಸಿನಿಮಾಗೆ ಓನರ್ರೇ!" ಮೈಕನ್ನು ಗುರಾಣಿಯಂತೆ ಹಿಡಿದು ಅವನು ಹಿಮ್ಮೆಟ್ಟಿದ. ಅಡುಗೆಮನೆಯ ಕಪಾಟಿಗೆ ಬೆನ್ನು ತಾಗಿತು. ಮೇಲಿಂದ ಒಂದು ಜಿರಳೆ ಅಂಗಿಯ ಕತ್ತಿನೊಳಗೆ ಜಾರಿತು.

ಅವನು ಕಿರುಚಿದ. ಓನರ್ ಕೈಯಿಂದ ಪೊರಕೆ ಬಿತ್ತು. ಟೀಚರ್ ಎದೆ ಹಿಡಿದುಕೊಂಡರು. ಮೈಕು ಎಲ್ಲವನ್ನೂ ನುಂಗಿಕೊಂಡಿತು.

ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದ. ಸ್ವಲ್ಪ ಹೊತ್ತಿಗೆ ನಿರ್ದೇಶಕಿಯ ಫೋನ್ ಬಂತು. ದನಿ ಗದ್ಗದ. ಎಲ್ಲರಿಗೂ ಕೇಳಲೆಂದು ಅವನು ಸ್ಪೀಕರ್ ಹಾಕಿದ.

"ಅಬ್ಬಾ, ಎಂಥ ನೋವು! ಗಂಡಸರಿಗೆ ಜನ್ಮದಲ್ಲಿ ಅರ್ಥವಾಗದ ನೋವು! ಯಾರದು ಈ ಗಂಟಲು?"

"ನಂದೇ ಮೇಡಂ," ಎಂದ ಎದೆಯುಬ್ಬಿಸಿ.

ಆ ಕಡೆಯ ಗದ್ಗದ ಥಟ್ಟನೆ ಪಿಸುಮಾತಾಯಿತು: "ಇದು ಹೊರಗೆ ಗೊತ್ತಾದ್ರೆ ನನ್ನ ಮಾನ ಹೋಗುತ್ತೆ! ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ಅಂದ ಹಾಗೆ, ನಿಮ್ಮ ಮನೆಯವರ ಹೆಸರೇನು? ತೆರೆ ಮೇಲೆ ಅದನ್ನೇ ಹಾಕ್ತೀನಿ."

ಹೇಳಿದ. ಟೀಚರ್ ಹೆಂಡತಿಯನ್ನು ತಬ್ಬಿಕೊಂಡರು. ಓನರ್ ಚಪ್ಪಾಳೆ ತಟ್ಟಿದರು. ಅವನು ಅಂಗಿ ಕೊಡವುತ್ತ ಕುಳಿತ.

"ಬೇಜಾರ್ ಮಾಡ್ಕೋಬೇಡಿ," ಎಂದಳು ಹೆಂಡತಿ ಮೃದುವಾಗಿ. "ಯಾರ ಹೆಸರಾದ್ರೇನ್ರೀ, ಮನೆಗೇ ಬಂತಲ್ಲ."

ಓನರ್ ಸಂಕೋಚದಿಂದ ಕೆಮ್ಮಿದರು. "ತಪ್ಪು ತಿಳ್ಕೋಬೇಡಿ ಸಾರ್. ಹೇಗೂ ಮನೇಲಿದೀರಿ, ನಮ್ಮ ಬಚ್ಚಲಿನ ನಲ್ಲೀನೂ ಸೋರ್ತಿದೆ. ನಿಮ್ಮ ಕೈಗುಣ..."

ಅವನು ಹೆಂಡತಿಯ ಮುಖ ನೋಡಿದ. ಅವಳು ಸ್ಪ್ಯಾನರ್ ತಂದು ಅವನ ಕೈಗಿಟ್ಟಳು.

"ಹೋಗ್ಬನ್ನಿ. ಅಲ್ಲಿ ಜಿರಳೆ ಕಂಡ್ರೆ ಮಾತ್ರ ಕಿರುಚ್ಬೇಡಿ. ಜನ ನಾನು ಅಂದ್ಕೊಂಡಾರು."