ಉಪ್ಪಿಲ್ಲದ ಗಂಜಿಯ ಅಧಿಕೃತ ಚರಿತ್ರೆ

ಬನ್ನಿ, ಆ ಮಣೆ ಈ ಕಡೆ ಎಳೆದುಕೊಂಡು ಕೂತ್ಕೊಳ್ಳಿ ಮಕ್ಕಳೇ. ಕಾಲು ಚಾಚಿದರೂ ಪರವಾಗಿಲ್ಲ. ಇದು ಸಾಹಿತ್ಯ ಸ್ಮಾರಕ ಹೌದು, ಆದರೆ ಸಂದರ್ಶನದ ಹೊತ್ತು ಮುಗಿದಿದೆ. ನಾಳೆ ಬೆಳಗಾಗುವ ತನಕ ನಾನು ಯಾರನ್ನೂ ಬೈಯಬೇಕಾಗಿಲ್ಲ. ನಿಧಾನವಾಗಿ ಕೇಳಿ.

ನಾನು ಏಲಿಕುಟ್ಟಿ, ಊರಿನವರ ಬಾಯಲ್ಲಿ ಚೇಡತ್ತಿ, ಅಂದರೆ ಅಕ್ಕ. ಪುಳಿಕ್ಕಡವು ಸಾರ್ವಜನಿಕ ಗ್ರಂಥಶಾಲೆಯ ಮಹಾಸಭೆ ಸರ್ವಾನುಮತದಿಂದ ಅಂಗೀಕರಿಸಿರುವ ಪ್ರಕಾರ, ಮಲಯಾಳ ನಾಡಿನ ಅತ್ಯಂತ ಕ್ರೂರಳಾದ ಸಾಹಿತಿಪತ್ನಿ ನಾನೇ. ಜಂಬಕ್ಕೆ ಹೇಳುತ್ತಿಲ್ಲ, ಠರಾವಿದೆ. ನನಗೆ ಓದಲು ಬಾರದು. ಆದ್ದರಿಂದ ಆ ಠರಾವನ್ನು ಎಷ್ಟು ಸಲ ನನಗೆ ಓದಿ ಹೇಳಿದ್ದಾರೆಂದರೆ, ಸಂಜೆ ಕೊಂತದ ಮಣಿಮಾಲೆ ಹಿಡಿದು ಜಪಕ್ಕೆ ಕೂತಾಗ ಒಮ್ಮೊಮ್ಮೆ ಅದೇ ಬಾಯಿಗೆ ಬರುತ್ತದೆ.

ನನ್ನ ಗಂಡನ ಹೆಸರು ಇಟ್ಟೂಪ್. ಈ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಶೋಕನ್ ಪುಳಿಕ್ಕಡವು ಎಂದರೆ ರಬ್ಬರ್ ಹಾಲು ಇಳಿಸುವವರಿಂದ ಹಿಡಿದು ಆಸ್ಪತ್ರೆಯ ನರ್ಸಮ್ಮಂದಿರವರೆಗೆ ಎಲ್ಲರೂ ಮೂಗು ಒರೆಸಿಕೊಳ್ಳುತ್ತಾರೆ. ಕೋಟ್ಟಯಂನ ವಾರಪತ್ರಿಕೆಗೆ ಧಾರಾವಾಹಿ ಬರೆಯುವುದು ಅವರ ಕಸುಬು. ವಾರವಾರ ಒಬ್ಬ ಬಡ ಹುಡುಗಿಗೆ ಏನಾದರೊಂದು ಆಗಲೇಬೇಕು. ಅವರು ಬರೆಯುವುದು ಊಟವಾದ ಮೇಲೆ. ದುಃಖ ಎಷ್ಟು ದೊಡ್ಡದೋ ಊಟವೂ ಅಷ್ಟು ದೊಡ್ಡದು. ಒಬ್ಬ ನಾಯಕಿಗೆ ಕ್ಷಯ ಎಂದು ಗೊತ್ತಾದ ದಿನ ಎರಡನೇ ಸಲ ಮರಗೆಣಸು ಹಾಕಿಸಿಕೊಂಡರು. ಅವಳು ಸತ್ತ ದಿನ ತೇಗಿದ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

ಬರೆಯುವ ಮೇಜಿನಿಂದ ಅವರಿಗೆ ಅಡಿಗೆಮನೆಯ ಬಾಗಿಲು ಕಾಣುತ್ತದೆ. ಆ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಮಾತ್ರ ಮದುವೆಯಾದಂದಿನಿಂದ ನಾನು ಕಂಡಿಲ್ಲ.

ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಮೀನು ಸಾರು. ಮಣ್ಣಿನ ಚಟ್ಟಿ, ಕೆಂಪು ಮೆಣಸು, ಹೊಗೆಯಲ್ಲಿ ಒಣಗಿ ಕಪ್ಪಾದ ಕುಡಂಪುಳಿ ಎಂಬ ಹುಳಿ, ಅಷ್ಟೇ. ಸೌಟು ಹಾಕುವುದಿಲ್ಲ, ಚಟ್ಟಿಯನ್ನೇ ಎತ್ತಿ ಕುಲುಕುತ್ತೇನೆ. ನಮ್ಮ ಇಗರ್ಜಿಯ ಪುಣ್ಯಾಳನ, ಅಂದರೆ ಸಂತನ, ಪೆರುನಾಳ್ ಹಬ್ಬದ ಊಟಕ್ಕೆ ಸಾರು ಮಾಡುವ ಕೈ ವರ್ಷವರ್ಷವೂ ನನ್ನದೇ. ಹಿಂದಿನ ಪಾದ್ರಿಯವರು ವರ್ಗವಾಗಿ ಹೋಗುವಾಗ ಬಿಕ್ಕಿಬಿಕ್ಕಿ ಅತ್ತರು. ಊರನ್ನು ಬಿಟ್ಟುಹೋಗುವ ಸಂಕಟ ಎಂದು ಜನ ತಿಳಿದರು. ನನಗೆ ನಿಜ ಗೊತ್ತು, ಹೇಳುವುದಿಲ್ಲ.

ಹೀಗಿರುವಾಗ ಒಂದು ದಿನ ಗ್ರಂಥಶಾಲೆಯ ಅಧ್ಯಕ್ಷರಾದ ಪಣಿಕ್ಕರ್ ಸಾರ್ ಕೊಡೆ ಮಡಿಸುತ್ತ ಬಂದರು. ತಾಲ್ಲೂಕು ಕಚೇರಿಯಲ್ಲಿದ್ದು ನಿವೃತ್ತರಾದವರು. ನಿವೃತ್ತಿ ಅವರಿಗೆ ಮಾತ್ರ, ಕಚೇರಿ ಅವರೊಳಗೆ ಇನ್ನೂ ನಡೆಯುತ್ತಿದೆ. ನಮ್ಮ ಗ್ರಂಥಶಾಲೆ ಎರಡನೇ ದರ್ಜೆಯದು. ಒಂದನೇ ದರ್ಜೆಗೆ ಏರಿದರೆ ಮೇಲೊಂದು ಅಂತಸ್ತು ಕಟ್ಟಲು ಅನುದಾನ ಬರುತ್ತದೆ. ಆ ಅಂತಸ್ತನ್ನು ಮದುವೆಗಳಿಗೆ ಬಾಡಿಗೆಗೆ ಕೊಡುವುದೆಂದೂ, ಪುಸ್ತಕದ ಕಪಾಟುಗಳನ್ನು ಕೈತೊಳೆಯುವ ಜಾಗದ ಹತ್ತಿರ ಒತ್ತರಿಸುವುದೆಂದೂ ಆಗಲೇ ತೀರ್ಮಾನವಾಗಿತ್ತು. ಅದಕ್ಕೆ ಒಂದೇ ಒಂದು ಷರತ್ತು: ಗ್ರಂಥಶಾಲೆಯ ಸರಹದ್ದಿನೊಳಗೆ ‘ನೊಂದ ಸಾಹಿತಿಯ ವಾಸಸ್ಥಳ’ ಒಂದಿರಬೇಕು.

“ಚೇಡತ್ತೀ, ಸಾಹಿತಿಗಳ ಜೀವನಚರಿತ್ರೆ ಬರೀಬೇಕು” ಎಂದರು ಪಣಿಕ್ಕರ್ ಸಾರ್. “ಅವರು ಬಾಲ್ಯದಲ್ಲಿ ಹಸಿದಿದ್ರಾ?”

“ಅವರಪ್ಪಂದು ಹೋಟ್ಲಿತ್ತಲ್ಲ ಸಾರ್.”

“ಪ್ರೇಮಭಂಗ?”

“ಮೊದಲು ನೋಡಿದ ಹುಡುಗಿ ನಾನೇ. ಅವರು ಹ್ಞೂಂ ಅಂದ್ರು, ನಾನೂ ಹ್ಞೂಂ ಅಂದೆ.”

“ಕುಡಿತ? ಜೈಲು? ಏನಾದ್ರೂ ದೊಡ್ಡ ಕಾಯಿಲೆ?”

“ಒಂದ್ಸಲ ಹಲ್ಲು ಕೀಳಿಸ್ಕೊಂಡ್ರು.”

ಸಾರ್ ಮುಖ ಅರಳಿತು. ಬರೆದುಕೊಂಡರು. ಆಮೇಲೆ ಹೊಡೆದುಹಾಕಿದರು. ಇಂಥ ಸುಖಜೀವಿಯನ್ನು ಊರು ಇಷ್ಟು ದಿನ ಸಹಿಸಿಕೊಂಡದ್ದೇ ಹೆಚ್ಚು ಎಂಬಂತೆ ನನ್ನ ಗಂಡನನ್ನು ನೋಡಿದರು. ಅವರು ಆರಾಮಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿದ್ದೆಹೋಗಿದ್ದರು. ಆಗ ಪಣಿಕ್ಕರ್ ಸಾರ್ ಕಣ್ಣು ನಿಧಾನಕ್ಕೆ ನನ್ನ ಕಡೆ ತಿರುಗಿತು.

“ಹಾಗಾದ್ರೆ ಇನ್ನು ಚೇಡತ್ತಿಯೇ ದಿಕ್ಕು.”

ಆ ವಾರವೇ ಮಹಾಸಭೆ ಸೇರಿತು. ಠರಾವು ಹೀಗಿದೆ, ಜಪಕ್ಕಿಂತ ಚೆನ್ನಾಗಿ ಬರುತ್ತದೆ ನನಗೆ: “ಸಾಹಿತಿಯ ದುಃಖಕ್ಕೆ ಮನೆಯೊಳಗೇ ಕಾರಣವಿರತಕ್ಕದ್ದು. ತಕ್ಕ ಕಾರಣ ಲಭ್ಯವಿಲ್ಲದ ಪಕ್ಷದಲ್ಲಿ, ಲಭ್ಯವಿರುವ ಹೆಂಡತಿಯನ್ನೇ ಕಾರಣವೆಂದು ಪರಿಗಣಿಸತಕ್ಕದ್ದು.”

ಒಪ್ಪಿಗೆಯ ಹೆಬ್ಬೆಟ್ಟು ಕೇಳಿದರು. ಬೇಡ ಎನ್ನಬಹುದಿತ್ತು. ಆದರೆ ಪುಸ್ತಕದಲ್ಲಿ ನನ್ನ ಫೋಟೋ ಹಾಕುತ್ತಾರಂತೆ, ಇಡೀ ಪುಟಕ್ಕೆ. ಒಗೆದ ಚಟ್ಟಮುಂಡು ಉಟ್ಟು, ಕಿವಿಗೆ ದೊಡ್ಡ ಕುಣುಕ್ಕು ಹಾಕಿ, ಹೆಬ್ಬೆಟ್ಟನ್ನು ಒಮ್ಮೆ ಒತ್ತಿದರೆ ಮಸುಕಾದೀತೆಂದು ಎರಡು ಸಲ ಒತ್ತಿದೆ. ಫೋಟೋ ತೆಗೆಯುವವನು “ನಗಬೇಡಿ ಅಮ್ಮಚ್ಚೀ” ಎಂದು ಗೋಗರೆದ. ಹತ್ತಿಕ್ಕಿದ ನಗು ಫೋಟೋದಲ್ಲಿ ವಿಷ ಕಾರುವ ಹಾಗೆ ಬಿದ್ದಿದೆ. ಎಲ್ಲರೂ ಬಹಳ ಮೆಚ್ಚಿದರು.

ಪುಸ್ತಕದ ಹೆಸರು ‘ಉಪ್ಪಿಲ್ಲದ ಗಂಜಿ’. ನಾನು ನನ್ನ ಗಂಡನಿಗೆ ಮದುವೆಯಾದಂದಿನಿಂದ ಉಪ್ಪು ಹಾಕದ ಗಂಜಿ ಬಿಟ್ಟು ಬೇರೇನೂ ಬಡಿಸಿಲ್ಲವೆಂದೂ, ಆ ತಟ್ಟೆಗೆ ಬಿದ್ದ ಅವರ ಕಣ್ಣೀರೇ ಅದಕ್ಕೆ ಉಪ್ಪಾಯಿತೆಂದೂ ಅದರಲ್ಲಿದೆ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿಯಂತೆ ಖರ್ಚಾಯಿತು. ನಮ್ಮ ಮನೆ ಸ್ಮಾರಕವಾಯಿತು. ಗೇಟಿಗೆ ಹಲಗೆ ಬಿತ್ತು: “ಸಾಹಿತಿಗಳನ್ನು ಮುಟ್ಟಬಾರದು. ಸಾಹಿತಿಗಳಿಗೆ ತಿನ್ನಲು ಏನನ್ನೂ ಕೊಡಬಾರದು. ಪತ್ನಿಯೊಡನೆ ವಾದ ಮಾಡಬಾರದು.”

ಜನ ಬರುವ ಹೊತ್ತಿಗೆ ನಾನು ತಟ್ಟೆ ಕುಕ್ಕಿ ಗಂಡನನ್ನು ಬೈಯಬೇಕು. ಅಭ್ಯಾಸ ಮಾಡಿಸಲು ಪಣಿಕ್ಕರ್ ಸಾರೇ ಬಂದು ಕೂತರು.

ನಾನು ತಟ್ಟೆ ಕುಕ್ಕಿದೆ. “ಏ ಮನುಷ್ಯಾ! ತಣ್ಣಗಾಗೋ ಮೊದ್ಲು ತಿನ್ನಬಾರದಾ?”

“ಇಲ್ಲ ಚೇಡತ್ತಿ, ಬೈಗುಳದೊಳಗೆ ಕಾಳಜಿ ನುಸುಳ್ತಿದೆ. ಅದನ್ನ ತೆಗೀಬೇಕು.”

“ಸಾಯಿ ಅತ್ಲಾಗೆ!” ಎಂದೆ. ಆಮೇಲೆ ತಡೆಯಲಾರದೆ, “ಮೀನಿನ ಮುಳ್ಳು ನೋಡ್ಕೊಂಡು ತಿನ್ನಿ” ಎಂದೂ ಸೇರಿಸಿಬಿಟ್ಟೆ.

“ಗಂಜೀಲಿ ಮುಳ್ಳು ಎಲ್ಲಿಂದ ಬಂತು ಚೇಡತ್ತೀ!” ಎಂದು ಸಾರ್ ತಲೆ ಚಚ್ಚಿಕೊಂಡರು.

ಆದರೂ ಮನುಷ್ಯರು ಯಾವುದನ್ನಾದರೂ ಕಲಿಯುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಪಾಲಾ ಕಡೆಯಿಂದ ಬಸ್ ಮಾಡಿಕೊಂಡು ಬಂದವರು ನನ್ನ ಬೈಗುಳ ಕೇಳಿ ಕಣ್ಣೊರೆಸಿಕೊಳ್ಳುವ ಮಟ್ಟಕ್ಕೆ ಬಂದೆ. ಒಬ್ಬಳು ತಾಯಿ ಮಗಳನ್ನು ಮುಂದೆ ತಳ್ಳಿ, “ನೋಡಿಕೋ, ಹೀಗೆ ಆಗಬೇಡ” ಎಂದಳು. ಆ ಹುಡುಗಿ ಬಹಳ ಗಮನವಿಟ್ಟು ಕಲಿಯುವಂತೆ ನೋಡುತ್ತಿದ್ದಳು. ಜನ ಹೋದ ಮೇಲೆ ಬಾಗಿಲು ಹಾಕಿ, ನನ್ನ ಗಂಡನಿಗೆ ಯಾವತ್ತಿನಂತೆ ಮೀನು ಸಾರು ಬಡಿಸುತ್ತಿದ್ದೆ. ಎಲ್ಲರಿಗೂ ಸುಖವಾಗಿಯೇ ಇತ್ತು.

ಪೆರುನಾಳ್ ಬಂತು. ಚಟ್ಟಿ ಹೊತ್ತುಕೊಂಡು ಇಗರ್ಜಿಯ ಅಡಿಗೆ ಚಪ್ಪರಕ್ಕೆ ಹೋದೆ. ಮಾತೃಸಂಘದ ರಾಹೇಲಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಚೇಡತ್ತಿ ಒಳಗೆ ಬರೋದು ಬೇಡ.”

“ಯಾಕೆ, ಮೀನು ಬಂದಿಲ್ವಾ?”

“ಮೀನು ಬಂದಿದೆ. ಒಬ್ಬ ಸಾಹಿತೀನ ಉಪವಾಸ ಕೆಡವಿದ ಕೈ ಪುಣ್ಯಾಳನ ಊಟಕ್ಕೆ ತಾಗೋದು ಸರಿಯಲ್ಲ ಅಂತ ಸಂಘದ ಅಭಿಪ್ರಾಯ.”

“ಅಲ್ಲಾ ರಾಹೇಲೂ, ಹೋದ ವರ್ಷ ಇದೇ ಕೈ ಸಾರನ್ನ ನೀನೇ ಎಲೆ ನೆಕ್ಕಿ ತಿಂದಿದ್ಯಲ್ಲೇ!”

ಅವಳು ಮುಖ ಗಂಭೀರ ಮಾಡಿಕೊಂಡು, “ಆಗ ನಾನು ಪುಸ್ತಕ ಓದಿರಲಿಲ್ಲ ಚೇಡತ್ತಿ” ಎಂದಳು.

ಕ್ರೂರಿ ಎಂದಾಗ ನನಗೆ ನಗು ಬಂದಿತ್ತು. ಈ ಮಾತಿಗೆ ಬರಲಿಲ್ಲ. ಖಾಲಿ ಚಟ್ಟಿ ಅಷ್ಟು ಭಾರ ಎಂದು ಅವತ್ತೇ ಗೊತ್ತಾದದ್ದು. ಆ ವರ್ಷ ಪುಣ್ಯಾಳನಿಗೆ ಯಾರೋ ತೆಂಗಿನಹಾಲು ಹಾಕಿ ನೀರುನೀರಾಗಿ ಮಾಡಿದ ಸಾರೇ ಗತಿಯಾಯಿತು.

ಮನೆಗೆ ಬಂದು ಗಂಡನ ಮುಂದೆ ಚಟ್ಟಿ ಕುಕ್ಕಿದೆ. “ಇಚ್ಚಾಯಾ, ನೀವೇ ಹೋಗಿ ಹೇಳ್ಬೇಕು. ಏಲಿ ಸಾರು ತಿಂದೇ ಈ ಹೊಟ್ಟೆ ಬಂದದ್ದು ಅಂತ ಅಂಗಿ ಬಿಚ್ಚಿ ತೋರಿಸ್ಬೇಕು.”

ಅವರು ಪಾಪ, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. “ಏಲೀ, ನಿಜ ಹೇಳಿದ್ರೆ ಜನ ನಂಬಲ್ಲ. ನಂಬಿದ್ರೆ ಓದಲ್ಲ.”

“ಹಾಗೋ?” ಎಂದೆ. ಅವತ್ತಿನಿಂದ ಜನ ಇರಲಿ ಇಲ್ಲದಿರಲಿ, ಗಂಜಿ. ಉಪ್ಪಿಲ್ಲ. ಪುಸ್ತಕದಲ್ಲಿರುವುದನ್ನು ಸುಳ್ಳು ಮಾಡಲು ನಾನ್ಯಾರು? ಪಣಿಕ್ಕರ್ ಸಾರ್ ಕೂಡ ಅದೇ ಹೊತ್ತಿಗೆ ಸುತ್ತೋಲೆ ಕಳಿಸಿದರು: “ದರ್ಜೆ ತಪಾಸಣೆ ಸಮೀಪಿಸಿರುವ ಕಾರಣ, ಸ್ಮಾರಕದ ಆವರಣದಿಂದ ಮೀನಿನ ವಾಸನೆ ಹೊರಡತಕ್ಕದ್ದಲ್ಲ.” ಹೀಗೆ ನನ್ನ ಕೋಪಕ್ಕೆ ಅಧಿಕೃತ ಮನ್ನಣೆಯೂ ಸಿಕ್ಕಿತು.

ನನ್ನ ಗಂಡ ಇಳಿದರು. ಅಂಗಿ ಮೊಳೆಗೆ ನೇತುಹಾಕಿದಂತೆ ಕಾಣತೊಡಗಿತು. ಬಂದವರು, “ಈಗ ನೋಡಿ ನಿಜವಾದ ಸಾಹಿತಿ” ಎಂದು ಮೆಚ್ಚಿದರು. ತಪಾಸಣೆಯವರು ಪಕ್ಕೆಲುಬು ನೋಡಿ ಅಲ್ಲೇ ರುಜು ಹಾಕಿದರು. ಆದರೆ ಬರವಣಿಗೆ ದಾರಿ ತಪ್ಪಿತು. ಆ ವಾರ ನಾಯಕಿ ಸಾಯಬೇಕಿತ್ತು. ಸಾಯುವ ಮುಂಚೆ ಅವಳು ಕೊನೆಯದಾಗಿ ಒಂದು ತುತ್ತು ಮೀನು ಸಾರನ್ನ ಕೇಳಿದಳು. ಸರಿ, ಮಾಡಲು ಕೂತರು. ಮುಂದಿನ ವಾರ ಮೀನು ತೊಳೆದರು. ಅದರ ಮುಂದಿನ ವಾರ ಮೆಣಸು ಹುರಿದರು. ತಿಂಗಳುಗಟ್ಟಲೆ ಆ ಹುಡುಗಿ ಸಾಯಲೂ ಇಲ್ಲ, ಸಾರು ಇಳಿಯಲೂ ಇಲ್ಲ. ಓದುಗರು ವಾರಪತ್ರಿಕೆಗೆ ಕೈಯೊಡ್ಡಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತಿದ್ದರು.

ಕೊನೆಗೆ ಆ ಧಾರಾವಾಹಿ ಪುಸ್ತಕವಾಗಿಯೂ ಬಂತು. ಒಂದು ಭಾನುವಾರ ರಾಹೇಲಮ್ಮ ಮಾತೃಸಂಘದಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. ಅಯ್ಯೋ ನನ್ನ ದೇವರೇ, ಅದು ನನ್ನ ಸಾರು! ಸೌಟು ಹಾಕದೆ ಕುಲುಕುವುದು, ಬಾಳೆಲೆ ಬಾಡಿಸಿ ಮುಚ್ಚುವುದು, ಕುಡಂಪುಳಿಯನ್ನು ಸಾರಿಗೆ ಹಾಕುವ ಮುಂಚೆ ನಾನು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವುದು, ಎಲ್ಲ ಇತ್ತು. ಆ ಮನುಷ್ಯ ಮೇಜಿನ ಮುಂದೆ ಕೂತು ಇಷ್ಟು ಕಾಲ ನಾಯಕಿಯರನ್ನಲ್ಲ, ನನ್ನನ್ನು ನೋಡುತ್ತಿದ್ದರು. ಕಿಟಕಿಯ ಸರಳು ಹಿಡಿದುಕೊಂಡೆ. ಇನ್ನು ನನ್ನ ಹೆಸರು ಉಳಿಯಿತು ಎಂದುಕೊಂಡೆ.

ಆಗ ಅವಳು ಮುಂದೆ ಓದಿದಳು: “ಕೊನೆಗೆ, ಯಾರಿಗೂ ಹೇಳದ ಗುಟ್ಟಿನಂತೆ, ಒಂದು ಲೋಟ ಕರಿಚಹಾವನ್ನು ಚಟ್ಟಿಗೆ ಸುರಿದಳು.”

ಓಡಿಕೊಂಡು ಮನೆಗೆ ಬಂದೆ. “ಇಚ್ಚಾಯಾ! ಸಾರಿಗೆ ಯಾರಾದ್ರೂ ಚಹಾ ಸುರೀತಾರಾ?”

“ನೀನು ಸುರಿಯೋದನ್ನ ಕಣ್ಣಾರೆ ನೋಡಿದೀನಲ್ಲ.”

“ಅದು ಹೊಸ ಚಟ್ಟಿ ಪಳಗಿಸೋಕೆ! ಚಹಾ ಕುದಿಸಿ, ಚೆಲ್ಲಿ, ತೊಳೆದು, ಆಮೇಲೆ ಸಾರು!”

“ಹೌದಾ?” ಎಂದು ಅವರು ಬಾಯಿ ಬಿಟ್ಟರು. “ನಾನು ಇಷ್ಟು ವರ್ಷ ಆ ಚಹಾದ ರುಚಿಯೇ ರುಚಿ ಅಂದ್ಕೊಂಡು ತಿಂದ್ನಲ್ಲೇ.”

“ತಿದ್ದಿಸಿ.”

“ಹೇಗೆ ತಿದ್ದಿಸ್ಲಿ ಏಲೀ? ಅದಕ್ಕೇ ಪ್ರಶಸ್ತಿ ಬಂದಿದೆ.”

ಬಂದಿತ್ತು. ಅತ್ಯುತ್ತಮ ಕಲ್ಪನೆಗೆ. ತೀರ್ಪುಗಾರರು ಹೇಳಿದ್ದು ಇಷ್ಟು: “ಜನ್ಮದಲ್ಲಿ ಉಪ್ಪಿಲ್ಲದ ಗಂಜಿ ಬಿಟ್ಟು ಬೇರೇನೂ ಕಾಣದ ಮನುಷ್ಯ ಇಂಥ ಸಾರನ್ನು ಕಲ್ಪಿಸಿಕೊಂಡಿರುವುದು ಮಾನವಚೇತನದ ಗೆಲುವು.” ಸಭೆಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ತಟ್ಟದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಮತ್ತೆ ಪೆರುನಾಳ್ ಹತ್ತಿರ ಬಂದಾಗ ರಾಹೇಲಮ್ಮ ತಾನಾಗಿ ನಮ್ಮ ಮನೆಗೆ ಬಂದಳು.

“ಚೇಡತ್ತೀ, ಈ ಸಲ ಪುಸ್ತಕದ ಸಾರೇ ಮಾಡ್ಬೇಕು ಅಂತ ಪಾದ್ರಿಯವರ ಆಸೆ. ನಾವು ನಾಕು ಸಲ ಮಾಡಿ ನೋಡಿದ್ವಿ, ಬಾಯಿಗಿಡೋಕಾಗ್ಲಿಲ್ಲ. ಸಾಹಿತಿಗಳ ಮನೇಲೇ ಇರೋರು ನೀವು. ಅವರ ಕಲ್ಪನೆ ಒಂಚೂರು ಗಾಳೀಲಾದ್ರೂ ತಾಗಿರುತ್ತೆ.”

“ನನ್ನ ಕೈ ಪುಣ್ಯಾಳನ ಊಟಕ್ಕೆ ತಾಗಬಾರದು ಅಂದಿದ್ಯಲ್ಲೇ?”

“ನಾನು ಪಕ್ಕದಲ್ಲೇ ನಿಂತು ಓದಿ ಹೇಳ್ತೀನಿ. ನೀವು ಅದರಲ್ಲಿರೋ ಹಾಗೆ ಮಾತ್ರ ಮಾಡಿ. ನಿಮ್ಮ ಸ್ವಂತದ್ದು ಏನೂ ಸೇರಿಸ್ಬೇಡಿ.”

ಹೋದೆ. ಅವಳು ಓದಿದಳು, ನಾನು ಮಾಡಿದೆ. ನಾನು ಮಾಡಿದ ಮೇಲೆಯೇ ಅವಳು ಓದುತ್ತಿದ್ದಳು ಎನ್ನಿ. “ಅರೆ, ಸರಿಯಾಗಿ ಮಾಡ್ತಿದೀರಲ್ಲ” ಎಂದು ಎರಡು ಸಲ ಹೊಗಳಿದಳು. ಕೊನೆಗೆ ಕರಿಚಹಾದ ಲೋಟ ತಂದು ಕೈಗಿಟ್ಟಳು. ಚಟ್ಟಿಯಲ್ಲಿ ಸಾರು ಕೆಂಪಗೆ ಎಣ್ಣೆ ಬಿಟ್ಟುಕೊಂಡು ಕೂತಿತ್ತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾದ ಸಾರು ಬಂದದ್ದಿಲ್ಲ. ಹೆಂಗಸರೆಲ್ಲ ಸುತ್ತ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಸುರಿಯದಿದ್ದರೆ ಸಾರು ಉಳಿಯುತ್ತದೆ, ಚಪ್ಪರ ಹೋಗುತ್ತದೆ. ಸುರಿದರೆ ಚಪ್ಪರ ಉಳಿಯುತ್ತದೆ.

ಸುರಿದೆ.

ಊರೆಲ್ಲ ಉಂಡಿತು. ಪುಸ್ತಕದಲ್ಲಿದ್ದಂತೆಯೇ ಇದೆ ಎಂದು ಊರೆಲ್ಲ ಅತ್ತಿತು. ನನ್ನ ಗಂಡ ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, “ಏಲೀ, ಈಗ ಸರಿಯಾಗಿ ಬಂತು ನೋಡು” ಎಂದರು.

ಇನ್ನು ಯಾರು ಏನಾದರು ಎಂದು ಹೇಳಿ ಮುಗಿಸುತ್ತೇನೆ. ಗ್ರಂಥಶಾಲೆಯ ಮೇಲಂತಸ್ತು ಎದ್ದಿತು. ಅಲ್ಲಿ ನಡೆಯುವ ಮದುವೆಗಳಲ್ಲಿ ಚಹಾ ಹಾಕಿದ ಮೀನು ಸಾರು ಕಡ್ಡಾಯ. ಪಣಿಕ್ಕರ್ ಸಾರ್ ಈಗ ಪಕ್ಕದೂರಿನ ಕವಿಯೊಬ್ಬನ ಹೆಂಡತಿಗೆ ತಟ್ಟೆ ಕುಕ್ಕುವುದನ್ನು ಕಲಿಸಲು ಹೋಗುತ್ತಾರೆ. ಅವಳಿಗೆ ಕಲಿಸುವುದೇನೂ ಉಳಿದಿಲ್ಲವಂತೆ, ಮೊನ್ನೆ ಏಟು ತಿಂದು ಬಂದರು. ರಾಹೇಲಮ್ಮ ಹೆಂಗಸರಿಗೆ ಪುಸ್ತಕದ ಸಾರಿನ ತರಗತಿ ನಡೆಸುತ್ತಾಳೆ. ನನಗೂ ಸೇರಲು ಹೇಳಿದಳು, ಸೇರಿದ್ದೇನೆ. ಮೀನಿನ ವಾಸನೆ ಈಗ ಸಾಹಿತ್ಯಿಕವಾದದ್ದರಿಂದ ಸುತ್ತೋಲೆ ರದ್ದಾಗಿ, ನನ್ನ ಗಂಡನ ಹೊಟ್ಟೆ ಪೂರ್ತಿ ವಾಪಸು ಬಂತು. ಜನ ಬರುವ ಹೊತ್ತಿಗೆ ಉಸಿರು ಬಿಗಿಹಿಡಿದು ಕೂರುತ್ತಾರೆ. ನಾಯಕಿಯರು ಮತ್ತೆ ಹೊತ್ತಿಗೆ ಸರಿಯಾಗಿ ಸಾಯುತ್ತಿದ್ದಾರೆ.

ನಾನೋ? ನಿನ್ನೆ ಯಾರೂ ಇಲ್ಲದಾಗ ಬಾಗಿಲು ಹಾಕಿಕೊಂಡು, ನನ್ನ ಹಳೆಯ ಕ್ರಮದಲ್ಲಿ, ಚಹಾ ಇಲ್ಲದೆ, ನನಗೊಬ್ಬಳಿಗೇ ಒಂದು ಪುಟ್ಟ ಚಟ್ಟಿ ಸಾರು ಮಾಡಿದೆ. ಬೆರಳಲ್ಲಿ ಅದ್ದಿ ನಾಲಿಗೆಗೆ ಇಟ್ಟೆ. ಏನೋ ಕಡಿಮೆ ಅನ್ನಿಸಿತು. ಎದ್ದುಹೋಗಿ ಚಹಾಕ್ಕೆ ನೀರಿಟ್ಟೆ.