ಕೋಡ್ ಹದಿನೇಳು

ಸೋಫಾ ರಾಯರ ತಲೆಯಲ್ಲಿ ಹುಳ ಬಿಟ್ಟವನು ಅವರ ಹೆಂಡತಿಯ ತಮ್ಮ. ನಾಲ್ಕು ಮಹಡಿಯ ಆ ಪೀಠೋಪಕರಣದ ಅಂಗಡಿಯಲ್ಲಿ ಭಾವ ಸೋಫಾ ಮಾರುತ್ತಿದ್ದರು, ಭಾವಮೈದುನ ಕೆಳಗಿನ ಗೋಡೌನ್ ನೋಡಿಕೊಳ್ಳುತ್ತಿದ್ದ. ಮೆಟ್ಟಿಲ ಬಳಿ ನಿಂತು ಕೂಗಾಡುವುದು ತಪ್ಪಲಿ ಎಂದು ಮಾಲೀಕರು ಎಲ್ಲರಿಗೂ ಒಂದೊಂದು ವಾಕಿಟಾಕಿ ಕೊಡಿಸಿದ ಮೇಲೆ ಅಂಗಡಿಯಲ್ಲಿ ಯಾರ ಸೊಂಟಕ್ಕೂ ನೆಮ್ಮದಿ ಇರಲಿಲ್ಲ. ದೀಪದ ವಿಭಾಗದ ಅಕ್ಕ ಬಲ್ಬು ಕೇಳಿದರೆ ಮಂಚದ ವಿಭಾಗದವರ ಸೊಂಟ ಗೊರಗೊರ ಎನ್ನುತ್ತಿತ್ತು.

"ಭಾವ, ಚಾನೆಲ್ ಬದಲಾಯಿಸೋದು ಬೇಡ. ಅದೇ ಚಾನೆಲ್‌ನಲ್ಲೇ ಇದ್ದು ಕೋಡ್ ಹಾಕ್ಕೊಳ್ಳೋಣ" ಎಂದ ಭಾವಮೈದುನ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ. "ಇಬ್ಬರೂ ಹದಿನೇಳು ಇಟ್ಕೊಂಡ್ರೆ ನಮ್ಮ ಮಾತು ನಮ್ಮಿಬ್ಬರಿಗೇ. ಡಬ್ಬದ ಮೇಲೇ ಹಾಕಿದಾರಲ್ಲ, ಪ್ರೈವೆಸಿ ಕೋಡ್ ಅಂತ."

ರಾಯರಿಗೆ ಅಂದು ಗುಟ್ಟು ಬೇಕಾಗಿತ್ತು. ವರ್ಷಗಟ್ಟಲೆ ಬಂದವರಿಗೆಲ್ಲ "ಕೂತು ನೋಡಿ ಸಾರ್" ಎನ್ನುತ್ತ ತಾವು ಮಾತ್ರ ನಿಂತೇ ಇದ್ದು ಅವರ ಮಂಡಿಗಳು ಹಳೇ ಬಾಗಿಲ ಹಾಗೆ ಕಿರುಗುಟ್ಟುತ್ತಿದ್ದವು. ಅಂಗಡಿಯಲ್ಲಿ ಕೂರುವ ಹಕ್ಕು ಇದ್ದದ್ದು ಮಾಲೀಕರಿಗೆ, ಲೆಕ್ಕದವರಿಗೆ, ಸೂಪರ್‌ವೈಸರ್‌ಗೆ. ಸೂಪರ್‌ವೈಸರ್ ಜಾಗ ಖಾಲಿ ಬಿದ್ದಿತ್ತು, ಮಾಲೀಕರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಾದು ಕಾದು ರೋಸಿಹೋದ ರಾಯರು ಮಧ್ಯಾಹ್ನ ಹಲ್ಲುನೋವಿನ ನೆಪ ಹೇಳಿ, ಎದುರು ಅಂಗಡಿಯ ಒಡತಿಯ ಹತ್ತಿರ ಅದೇ ಕೆಲಸ ಕೇಳುವುದೆಂದು ತೀರ್ಮಾನಿಸಿದ್ದರು.

ಹದಿನೇಳು ಒತ್ತಿದ ಕೂಡಲೇ ಸೆಟ್ ಗಪ್‌ಚುಪ್ ಆಯಿತು. ಬಲ್ಬಿಲ್ಲ, ಮಂಚವಿಲ್ಲ. ಆಹಾ, ಎಂಥ ಸುಖ ಎಂದುಕೊಂಡ ರಾಯರು ಕಪಾಟಿನ ಮರೆಗೆ ಸರಿದು ಗುಂಡಿ ಒತ್ತಿದರು. "ಲೋ, ಊಟದ ಹೊತ್ತಿಗೆ ಹೋಗಿ ಬರ್ತೀನಿ. ಆಯಮ್ಮನ ಸೋಫಾಗಳಲ್ಲಿ ಬರೀ ಚಿಂದಿ ತುಂಬಿರೋದು, ನನಗೆ ಗೊತ್ತಿಲ್ವಾ. ಆದ್ರೂ ಎದುರಿಗೆ ಎರಡು ಮಾತು ಹೊಗಳಿದ್ರಾಯ್ತು."

"ಹಲ್ಲು ನೋಯೋ ಹಾಗೆ ಮುಖ ಇಟ್ಕೊಳ್ಳಿ ಭಾವ. ಮಾಲೀಕರು ಚಾಲಾಕು."

"ಅವನ ಚಾಲಾಕುತನಕ್ಕೆ ಬೆಂಕಿ ಬೀಳ. ನಮ್ಮ ಬೆಲೆ ಗೊತ್ತಿಲ್ಲದ ಮನುಷ್ಯ."

ಆಮೇಲೆ ಅಂಗಡಿಯವರೆಲ್ಲ ವಿಚಿತ್ರವಾಗಿ ಆಡತೊಡಗಿದರು. ಮಂಚದ ವಿಭಾಗದವರು ರಾಯರನ್ನು ಕಂಡು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂರನೇ ಮಹಡಿಯಿಂದ ದೀಪದ ಅಕ್ಕ ಏದುಸಿರು ಬಿಡುತ್ತ ಇಳಿದು ಬಂದು, "ರಾಯರೇ, ಬೆಳಿಗ್ಗೆಯಿಂದ ಕೂಗಿ ಕೂಗಿ ಗಂಟಲು ಹೋಯ್ತು. ನಿಮ್ಮ ಹತ್ರ ಒಂದು ಮಾತು..." ಎನ್ನುವಷ್ಟರಲ್ಲಿ, ಇವಳಿಗೆ ಏಣಿ ಹಿಡಿದುಕೊಳ್ಳಲು ಆಳು ಬೇಕಿರಬೇಕು ಎಂದುಕೊಂಡು ರಾಯರು ಗಿರಾಕಿಗಳ ಗುಂಪಿನಲ್ಲಿ ನುಸುಳಿ ಪಾರಾದರು. ಕೂತಲ್ಲಿ ಕೂರದ ಜೀವ ಅಂತಾರಲ್ಲ, ರಾಯರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕಂಬದ ಗಡಿಯಾರ ನೋಡುವುದು, ಬಾಗಿಲು ನೋಡುವುದು, ಮತ್ತೆ ಗಡಿಯಾರ.

ಊಟದ ಹೊತ್ತಿಗೆ ಎಡಗೆನ್ನೆ ಒತ್ತಿ ಹಿಡಿದು ಹೊರಟರೆ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. ಅವನ ಸೊಂಟದಲ್ಲೂ ಒಂದು ಸೆಟ್ ಇತ್ತು.

"ರಾಯರೇ, ಇವತ್ತೊಂದಿನ ಹೊರಗೆ ಹೋಗೋದು ಬೇಡ."

"ಹಲ್ಲುನೋವು ಕಣಯ್ಯ, ಪ್ರಾಣ ಹೋಗ್ತಿದೆ."

"ಯಾವ ಕಡೆ ಹಲ್ಲು?"

"ಈ ಕಡೆ" ಎಂದು ರಾಯರು ಗಾಬರಿಯಲ್ಲಿ ಬಲಗೆನ್ನೆ ಮುಟ್ಟಿ ತೋರಿಸಿದರು. ಕಾವಲುಗಾರ ಇನ್ನೂ ಏನೋ ಹೇಳಲು ಬಾಯಿ ತೆರೆಯುವ ಮೊದಲೇ ರಸ್ತೆ ದಾಟಿಬಿಟ್ಟಿದ್ದರು.

ಎದುರು ಅಂಗಡಿಯ ಒಡತಿ ಅವರನ್ನು ಕೂರಿಸಿ, ನೀರು ಕೊಟ್ಟು, ನಗುನಗುತ್ತ ಕೇಳಿದಳು. "ಕೂತಿರೋ ಸೋಫಾ ಹೇಗಿದೆ ರಾಯರೇ? ಚಿಂದಿ ಚುಚ್ತಾ ಇಲ್ಲ ತಾನೆ?"

ರಾಯರಿಗೆ ಕುಡಿದ ನೀರು ನೆತ್ತಿಗೇರಿತು. ಅವಳು ಮೇಜಿನ ಮೇಲಿದ್ದ ತನ್ನ ಸೆಟ್ ತೋರಿಸಿದಳು. ಅಷ್ಟರಲ್ಲಿ ಅದರೊಳಗಿಂದಲೇ ಭಾವಮೈದುನ ಕೇಳಿದ, "ಭಾವ, ಕೆಲಸ ಕುದುರಿತಾ?"

"ನಮ್ಮದೂ ಅದೇ ಚಾನೆಲ್. ಕೋಡ್ ಹಾಕದೆ ಇಟ್ಟಿದ್ದೀವಿ, ಅದಕ್ಕೇ ಇಡೀ ಬೀದಿ ಕೇಳಿಸುತ್ತೆ" ಎಂದಳು ಒಡತಿ. "ಕೋಡ್ ಅಂದ್ರೆ ಬಾಯಿಗೆ ಹಾಕೋ ಬೀಗ ಅಲ್ಲ ಕಣ್ರೀ, ಕಿವಿಗೆ ಇಟ್ಕೊಳ್ಳೋ ಹತ್ತಿ. ನಿಮಗೆ ಯಾರದ್ದೂ ಕೇಳಿಸಲ್ಲ, ನಿಮ್ಮದು ಎಲ್ಲರಿಗೂ ಕೇಳುತ್ತೆ." ಅವಳೇ ರಾಯರ ಸೆಟ್ ಇಸಿದುಕೊಂಡು ಹದಿನೇಳನ್ನು ಅಳಿಸಿಕೊಟ್ಟಳು. "ಇನ್ನು ಹೊರಡಿ. ಇಲ್ಲಿ ನಿಮಗೆ ಕೆಲಸ ಇಲ್ಲ."

ಹತ್ತಿ ತೆಗೆದ ಕಿವಿಗೆ ಮೊದಲು ಬಿದ್ದದ್ದು ದೀಪದ ಅಕ್ಕನ ದನಿ. "ರಾಯರೇ, ಎಲ್ಲಿ ಹಾಳಾಗಿ ಹೋದ್ರಿ? ಮಾಲೀಕರು ನಿಮ್ಮನ್ನ ಕರೀತಿದ್ದಾರೆ, ಬೇಗ ಬನ್ನಿ."

ರಾಯರು ದಡಬಡನೆ ಎದ್ದು ರಸ್ತೆ ದಾಟಿದರು. ಮಾಲೀಕರೂ ಎಲ್ಲ ಕೇಳಿಸಿಕೊಂಡಿದ್ದಾರೆ, ಇದ್ದ ಕೆಲಸಕ್ಕೂ ಸಂಚಕಾರ ಬಂತು. ಮನೆಯಲ್ಲಿ ಹೆಂಡತಿಯ ಮುಖ ಹೇಗೆ ನೋಡುವುದು? ಬೈಯುವ ಮೊದಲೇ ಕಾಲಿಗೆ ಬೀಳುವುದೊಂದೇ ದಾರಿ. ಕಿರುಗುಟ್ಟುವ ಮಂಡಿಗಳನ್ನೂ ಮರೆತು ಮೆಟ್ಟಿಲು ಹಾರಿದರು. ನಡುವೆ ಸಿಕ್ಕ ದೀಪದ ಅಕ್ಕ "ನಿಲ್ಲಿ, ವಿಷಯ ಕೇಳ್ಕೊಂಡು ಹೋಗಿ" ಎಂದು ತೋಳು ಹಿಡಿದರೂ ಕೊಸರಿಕೊಂಡು ಓಡಿದರು.

ಮಾಲೀಕರು ಕನ್ನಡಕ ಒರೆಸುತ್ತ ಕೂತಿದ್ದರು. ರಾಯರು ಬಾಗಿಲಲ್ಲೇ ಕೈ ಮುಗಿದರು. "ತಪ್ಪಾಯ್ತು ಸಾರ್. ಹಲ್ಲುನೋವು ಸುಳ್ಳು. ಎದುರು ಅಂಗಡಿಗೆ ಕೆಲಸ ಕೇಳೋಕೆ ಹೋಗಿದ್ದೆ. ನಿಮ್ಮನ್ನ ಬೆಲೆ ಗೊತ್ತಿಲ್ಲದ ಮನುಷ್ಯ ಅಂದಿದ್ದೂ ನಿಜ. ಚಾಲಾಕುತನಕ್ಕೆ ಬೆಂಕಿ ಅಂದಿದ್ದು ಮಾತ್ರ ಬಾಯಿ ತಪ್ಪಿ ಬಂತು. ನೀವೆಲ್ಲ ಕೇಳಿಸ್ಕೊಂಡಿದ್ದೀರಿ, ಏನಂತ ಮುಚ್ಚಿಡಲಿ?"

ಮಾಲೀಕರು ಒರೆಸುವುದನ್ನು ನಿಲ್ಲಿಸಿದರು. "ನಾನೆಲ್ಲಿ ಕೇಳಿದೆ? ನಿಮ್ಮೆಲ್ಲರ ಗಲಾಟೆ ತಡೀಲಾರದೆ ಬೆಳಿಗ್ಗೆಯೇ ನನ್ನ ಸೆಟ್‌ಗೂ ಲೆಕ್ಕದವರ ಸೆಟ್‌ಗೂ ಬೇರೆ ಕೋಡ್ ಹಾಕಿಸಿದ್ದೀನಿ. ಅವರ ಮಾತು ಬಿಟ್ರೆ ನನಗೆ ಏನೂ ಕೇಳಲ್ಲ." ಕನ್ನಡಕ ಏರಿಸಿ ರಾಯರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗ ಕೇಳಿದೆ ಬಿಡಿ."

ಮಾಲೀಕರು ತಮ್ಮ ಸೆಟ್ ಎತ್ತಿಕೊಂಡು, ಗುಟ್ಟಿನ ಮಾತೆಂದು ಗೋಡೆಯ ಕಡೆ ತಿರುಗಿ ಪಿಸುಗುಟ್ಟಿದರು. ಪಿಸುಮಾತು ರಾಯರ ಸೊಂಟದಿಂದ ಗಟ್ಟಿಯಾಗಿ ಹೊರಬಂತು, ನಾಲ್ಕೂ ಮಹಡಿಗಳಲ್ಲಿ ಮೊಳಗಿತು.

"ಲೆಕ್ಕದವರೇ, ಸೋಫಾ ರಾಯರನ್ನ ಇವತ್ತಿಂದ ಸೂಪರ್‌ವೈಸರ್ ಮಾಡ್ತೀನಿ ಅಂತ ಬೆಳಿಗ್ಗೆ ಹೇಳಿದ್ನಲ್ಲ, ಆ ವಿಚಾರ ಕೈಬಿಡಿ. ಅವರಿಗೆ ಗೊತ್ತಾಗೋದು ಬೇಡ, ಪಾಪ, ನೊಂದ್ಕೊಳ್ತಾರೆ."

ಮಾಲೀಕರು ನಿಧಾನವಾಗಿ ತಿರುಗಿ ರಾಯರ ಸೊಂಟವನ್ನೇ ದಿಟ್ಟಿಸಿದರು. ಅಲ್ಲಿಂದ ಈಗ ದೀಪದ ಅಕ್ಕನ ದಣಿದ ದನಿ ಬರುತ್ತಿತ್ತು.

"ಬೆಳಿಗ್ಗೆಯಿಂದ ನಾವು ಬಡ್ಕೊಂಡಿದ್ದು ಅದನ್ನೇ ರಾಯರೇ."